ಟೈಲ್ಸ್ ಪಕ್ಕದ ಒಂದಡಿ ಮಣ್ಣು

ಬೆಳಿಗ್ಗೆ ಎದ್ದು ಮಂಚದಿಂದ ಕಾಲು ಕೆಳಗಿಟ್ಟರೆ ಹಿಮ್ಮಡಿಗೆ ಮೊಳೆ ಹೊಡೆದ ಹಾಗೆ. ಹತ್ತು ಹೆಜ್ಜೆ ಕುಂಟಿದ ಮೇಲೆ ಸ್ವಲ್ಪ ಸರಿಹೋಗುತ್ತದೆ. ರಿಟೈರ್ ಆದ ಮೂರನೇ ತಿಂಗಳಿಗೆ ಶುರುವಾದ ನೋವು ಇದು. ನಾನು 34 ವರ್ಷ ಲೈನ್‌ಮ್ಯಾನ್ ಆಗಿದ್ದವನು. ಏಣಿಯ ಮೇಲೆ ಅರ್ಧ ಪಾದ ಊರಿ ನಿಂತೇ ಆಯಸ್ಸು ಕಳೆದಿದ್ದೇನೆ. ಆಗ ಒಂದು ದಿನವೂ ತಕರಾರು ಮಾಡದ ಕಾಲು, ನೆಲಕ್ಕೆ ಇಳಿದ ಮೇಲೆ ಮುನಿಸಿಕೊಂಡಿತು.

ಡಾಕ್ಟರ್ ಹಿಮ್ಮಡಿ ಒತ್ತಿ ನೋಡಿ, "ವಾಕಿಂಗ್ ಬಿಡಬೇಡಿ. ಆದ್ರೆ ಸಿಮೆಂಟು, ಟೈಲ್ಸ್ ಮೇಲೆ ಬೇಡ. ಮೆತ್ತಗಿನ ಶೂ ಹಾಕ್ಕೊಂಡು ಮಣ್ಣಿನ ದಾರೀಲಿ ನಡೀರಿ" ಅಂದರು. ಬೆಂಗಳೂರಿನಲ್ಲಿ ಮಣ್ಣಿನ ದಾರಿ! ಚೀಟಿಯಲ್ಲಿ ಬರೆದುಕೊಟ್ಟಿದ್ದರೆ ಯಾವ ಮೆಡಿಕಲ್ ಸ್ಟೋರಿನಲ್ಲಿ ಕೇಳಬೇಕಿತ್ತೋ ಗೊತ್ತಿಲ್ಲ.

ನಮ್ಮ ಬಡಾವಣೆಯ ಪಾರ್ಕಿನಲ್ಲಿ ಎರಡು ವರ್ಷದ ಹಿಂದಿನವರೆಗೂ ಅದು ಇತ್ತು. ಸುತ್ತಲೂ ಕೆಮ್ಮಣ್ಣಿನ ದಾರಿ, ಎರಡೂ ಬದಿಗೆ ಹೊಂಗೆ. ಒಂದು ಸುತ್ತಿಗೆ ನನ್ನ ಹೆಜ್ಜೆಯಲ್ಲಿ 410. ಆಮೇಲೆ ಪಾರ್ಕ್ ಅಭಿವೃದ್ಧಿ ಅಂತ ಒಂದು ಬೋರ್ಡ್ ಬಂತು. ಒಂದು ತಿಂಗಳು ಗೇಟಿಗೆ ಬೀಗ. ತೆಗೆದಾಗ ನೋಡಿದರೆ ದಾರಿಯೆಲ್ಲಾ ಕೆಂಪು, ಹಳದಿ ಇಂಟರ್‌ಲಾಕ್ ಟೈಲ್ಸ್. ಮೂಲೆಯಲ್ಲಿ ಓಪನ್ ಜಿಮ್ಮು, ಅದರ ಪಕ್ಕ ಎಂಟರ ಆಕಾರದ ಕಟ್ಟೆ.

ನಾನು ಗೊಣಗಿದೆ. ಆದರೆ ಗೊಣಗಿದವನು ನಾನೊಬ್ಬನೇ. ಮಳೆ ಬಂದರೆ ಕೆಸರಾಗುತ್ತಿತ್ತು, ಸೀರೆ ಅಂಚಿಗೆಲ್ಲಾ ರಾಡಿ ಸಿಡಿಯುತ್ತಿತ್ತು ಅನ್ನುವುದು ಹೆಂಗಸರ ಮಾತು. ನನ್ನ ಹೆಂಡತಿಯೂ ಆ ಕಡೆಯೇ. "ನಿಮ್ಮೊಬ್ಬರ ಹಿಮ್ಮಡಿಗೋಸ್ಕರ ಎಲ್ಲರೂ ಜಾರಿ ಬೀಳ್ಬೇಕಾ?" ಅಂತ ಕೇಳಿದಳು. ಸುಮ್ಮನಾದೆ.

ಹಾಗೆ ಮಣ್ಣು ಹುಡುಕಿಕೊಂಡು ಲಾಲ್‌ಬಾಗಿಗೆ ಹೋಗತೊಡಗಿದೆ. ಬೆಳಗಿನ ಮೆಟ್ರೋದಲ್ಲಿ ಲಾಲ್‌ಬಾಗ್ ಸ್ಟೇಷನ್, ಅಲ್ಲಿಂದ ವೆಸ್ಟ್ ಗೇಟು. ಒಳಗೆ ದೊಡ್ಡ ದಾರಿಗಳೆಲ್ಲಾ ಡಾಂಬರು, ಕಲ್ಲು. ಜನ ನಡೆಯುವುದೂ ಅಲ್ಲೇ ಜಾಸ್ತಿ. ಆದರೆ ಅಲ್ಲೇ ಪಕ್ಕಕ್ಕೆ ಬಿದ್ದರೆ ಮರಗಳ ಮಧ್ಯೆ ಕಾಲುದಾರಿಗಳು ಸಿಗುತ್ತವೆ. ಯಾರೂ ಮಾಡಿದ್ದಲ್ಲ, ತುಳಿದು ತುಳಿದು ಆಗಿದ್ದು. 240 ಎಕರೆ ಜಾಗ ಅದು. ದಿನಾ ಒಂದೊಂದು ಕಡೆಗೆ ತಿರುಗಿದರೂ ತಿಂಗಳು ಸಾಲದು.

ಇಷ್ಟು ವರ್ಷ ನನಗೆ ಮರ ಅಂದರೆ ಕೊಂಬೆ, ಕೊಂಬೆ ಅಂದರೆ ಕಂಪ್ಲೇಂಟು. ಏಪ್ರಿಲ್‌ನ ಮೊದಲ ಮಳೆಗೆ ಗುಲ್‌ಮೊಹರ್ ಮುರಿದು ತಂತಿ ಮೇಲೆ ಬೀಳುತ್ತದೆ. ನೋಡಲು ಚೆಂದ, ಆದರೆ ಕೊಂಬೆ ಪುಟಪುಟ ಅಂತ ಮುರಿಯುವ ಜಾತಿ. ಹೊಂಗೆ ಹಾಗಲ್ಲ, ಬಾಗುತ್ತದೆ. ಮಳೆಮರದ ಒಂದು ಕೊಂಬೆ ಬಿತ್ತು ಅಂದರೆ ಎರಡು ಕಂಬ ಜೊತೆಗೇ ಮಲಗುತ್ತವೆ. ಮರಗಳ ಗುಣ ನಾನು ಕಲಿತಿದ್ದು ಹೀಗೆ. ಮಳೆಗಾಲಕ್ಕೆ ಮುಂಚೆ ಎಲ್‌ಸಿ, ಅಂದರೆ ಲೈನಿನ ಹತ್ತಿರ ಕೆಲಸ ಮಾಡಲು ಬೇಕಾದ ಲೈನ್ ಕ್ಲಿಯರ್ ಅನುಮತಿ, ತಗೊಂಡು, ಲೈನ್ ಆಫ್ ಮಾಡಿಸಿ, ದೋಟಿ ಮಚ್ಚು ಹಿಡಿದು ಬೀದಿ ಬೀದಿ ಸವರುತ್ತಿದ್ದೆವು. ಕೆಳಗೆ ನಿಂತು ಬೈಯುವ ಅಜ್ಜಿಯರು ಇರುತ್ತಿದ್ದರು. ಸಂಜೆ ಕರೆಂಟ್ ಹೋದರೆ ಅವರೇ ಫೋನ್ ಮಾಡುತ್ತಿದ್ದರು ಅನ್ನಿ.

ಈ ಊರಿನಲ್ಲಿ ವರ್ಷಪೂರ್ತಿ ಒಂದಲ್ಲ ಒಂದು ಮರ ಹೂ ಬಿಟ್ಟಿರಬೇಕು ಅಂತ ಲೆಕ್ಕ ಹಾಕಿ ನೆಡಿಸಿದವರು ಕ್ರುಂಬಿಗೆಲ್. ಜರ್ಮನಿಯ ತೋಟಗಾರಿಕೆ ತಜ್ಞರು, 1908ರಲ್ಲಿ ಲಾಲ್‌ಬಾಗಿಗೆ ಬಂದವರು. ಶಿವನಸಮುದ್ರದ ಕರೆಂಟಿನಿಂದ ಬೆಂಗಳೂರಿನ ಬೀದಿದೀಪ ಹತ್ತಿದ್ದು 1905ರಲ್ಲಿ. ಅಂದರೆ ತಂತಿ ಮೊದಲು, ಅವರ ಮರ ಆಮೇಲೆ! ಮೂರು ವರ್ಷ ಸೀನಿಯರ್ ನಾವು. ಆಫೀಸಿನಲ್ಲಿ ಈ ವಿಷಯ ಹೇಳಿ ಎಷ್ಟೋ ಸಲ ನಗಿಸಿದ್ದೇನೆ. ಈಗ ಅವರು ತಂದು ಬೆಳೆಸಿದ ತೋಟದಲ್ಲೇ ಕುಂಟುತ್ತಾ ನಡೆಯುವಾಗ ಆ ಜೋಕು ಅಷ್ಟೇನೂ ಹೊಳಪಾಗಿ ಕಾಣುವುದಿಲ್ಲ.

ಗಾಜಿನ ಮನೆಗೆ ಸ್ವಲ್ಪ ದೂರದಲ್ಲಿ ಒಂದು ಬಿಳಿ ಬೂರುಗದ ಮರ ಇದೆ, ಗೊತ್ತಲ್ವಾ? ಬುಡದಲ್ಲಿ ಗೋಡೆ ಎಬ್ಬಿಸಿದ ಹಾಗೆ ಬೇರುಗಳು ನಿಂತಿವೆ. ಎರಡು ಗೋಡೆಗಳ ನಡುವೆ ಒಬ್ಬ ಆಳು ಕೂರಬಹುದು. ಈಗ ಬೇಲಿ ಇದೆ, ಆಚೆ ನಿಂತೇ ನೋಡಬೇಕು. ನಾನು ನೋಡುವುದು ಬೇರು ಮಣ್ಣಿಗೆ ಇಳಿಯುವ ಜಾಗ. ಅಲ್ಲಿ ಇರುವೆ ಸಾಲು ಬೇರಿನ ಏಣು ಹತ್ತಿ ಇಳಿದು, ತರಗೆಲೆಯೊಳಗೆ ಮಾಯವಾಗುತ್ತದೆ. ಕೆಲಸದಲ್ಲಿದ್ದಾಗ ಇದೇ ಮರದ ಕೆಳಗೆ ಹತ್ತಾರು ಸಲ ಹಾದುಹೋಗಿದ್ದೆ. ತಲೆ ಎತ್ತಿ ಕೊಂಬೆ ನೋಡಿದ ನೆನಪಿದೆ. ಬುಡ ನೋಡಿದ ನೆನಪೇ ಇಲ್ಲ.

ಕೊನೆಗೆ ಬಂಡೆ. ಕೆಂಪೇಗೌಡರ ಗೋಪುರ ಇರುವ ಬಂಡೆ. 300 ಕೋಟಿ ವರ್ಷದ್ದು ಅಂತ ಭೂವಿಜ್ಞಾನದವರು ಬೋರ್ಡ್ ಹಾಕಿದ್ದಾರೆ. ಹತ್ತುವಾಗ ಅದರ ಮೈಯಲ್ಲಿ ಬಿಳಿ, ಬೂದು ಪಟ್ಟೆಗಳು ಕಾಣುತ್ತವೆ, ಸೊಂಟ ಮುರಿದ ಹಾವಿನ ಹಾಗೆ ತಿರುಚಿಕೊಂಡು. ಡಾಕ್ಟರ್ ಗಟ್ಟಿ ನೆಲ ಬೇಡ ಅಂದಿದ್ದಾರೆ, ಇದಕ್ಕಿಂತ ಗಟ್ಟಿ ನೆಲ ಇನ್ನೆಲ್ಲಿದೆ! ಆದರೂ ಶೂ ಬಿಚ್ಚಿ ಹತ್ತು ನಿಮಿಷ ಕೂರುತ್ತೇನೆ. ಆರೂವರೆಗೆ ಕಲ್ಲು ಇನ್ನೂ ತಣ್ಣಗಿರುತ್ತದೆ. ಆ ತಂಪು ಹಿಮ್ಮಡಿಗೆ ಹತ್ತುವುದು, ಐಸ್ ಬಾಟಲಿ ಉರುಳಿಸಿದ್ದಕ್ಕಿಂತ ಹಿತ. ಡಾಕ್ಟರಿಗೆ ಹೇಳಿಲ್ಲ.

ಭಾನುವಾರ ಮಾತ್ರ ಕಬ್ಬನ್ ಪಾರ್ಕ್. ಅವತ್ತು ಒಳಗೆ ಗಾಡಿ ಬಿಡುವುದಿಲ್ಲ. 1870ರಲ್ಲಿ ಬ್ರಿಟಿಷ್ ಇಂಜಿನಿಯರ್ ಸ್ಯಾಂಕಿ ಸಾಹೇಬರು ಮಾಡಿಸಿದ ಪಾರ್ಕು, ಸ್ಯಾಂಕಿ ಕೆರೆಯ ಅದೇ ಸ್ಯಾಂಕಿ. ಅಲ್ಲಿ ನನಗೆ ಬೇಕಾದ್ದು ಬಿದಿರು ಮೆಳೆಗಳ ಹತ್ತಿರದ ಜಾಗ. ಉದುರಿದ ಬಿದಿರೆಲೆ ಮೇಲೆ ಹೆಜ್ಜೆ ಇಟ್ಟರೆ ಚಾಪೆ ಹಾಸಿದ ಹಾಗೆ. ಉಳಿದಂತೆ ಭಾನುವಾರ ಅಲ್ಲಿ ಜಾತ್ರೆ. ನಾಯಿಗಳು, ಫೋಟೋದವರು, ಸೈಕಲ್ ಮಕ್ಕಳು. ಜಾಸ್ತಿ ಹೊತ್ತು ನಿಲ್ಲುವುದಿಲ್ಲ.

ದಿನಾ ಮೆಟ್ರೋ ಹತ್ತಿ ನಡೆಯಲು ಹೋಗುವುದು ಸ್ವಲ್ಪ ತಮಾಷೆಯೇ. ಹಾಗಾಗಿ ವಾರಕ್ಕೆ ನಾಲ್ಕು ದಿನ ಮತ್ತೆ ನಮ್ಮ ಪಾರ್ಕಿಗೇ ಬಂದೆ. ಟೈಲ್ಸಿಗೂ ಹುಲ್ಲಿಗೂ ನಡುವೆ ಒಂದಡಿ ಅಗಲ ಮಣ್ಣು ಬಿಟ್ಟಿದ್ದರು. ಹುಲ್ಲು ಹಬ್ಬಲಿ ಅಂತ ಇರಬೇಕು. ನಾನು ಅದರ ಮೇಲೇ ನಡೆಯತೊಡಗಿದೆ. ತಂತಿ ಮೇಲೆ ನಡೆಯುವ ದೊಂಬರ ಹುಡುಗನ ಹಾಗೆ ಕಾಣುತ್ತಿದ್ದೆನೋ ಏನೋ, ಮೊದಲೆರಡು ವಾರ ಜನ ತಿರುಗಿ ತಿರುಗಿ ನೋಡಿದರು. ಆಮೇಲೆ ಮಂಡಿನೋವಿನ ಮೇಷ್ಟ್ರೊಬ್ಬರು ನನ್ನ ಹಿಂದೆ ಬಂದರು. ಆಮೇಲೆ ಓಡುವ ಇಬ್ಬರು ಹುಡುಗಿಯರು. ಈಗ ಅಲ್ಲಿ ಒಂದೆಳೆ ಹುಲ್ಲಿಲ್ಲ. ನುಣ್ಣಗೆ ಬೆಳ್ಳಗೆ ಒಂದು ಕಾಲುದಾರಿ.

ಮಾಲಿಗೆ ಇದು ಸರಿಬರಲಿಲ್ಲ. ಕಲಬುರ್ಗಿ ಕಡೆಯವನು. "ಹಿಂಗ್ ತುಳದ್ರ ಹುಲ್ಲು ಹತ್ತಂಗಿಲ್ರಿ ಯಜಮಾನ್ರ, ನನಗ ಬೈತಾರ್ರೀ" ಅಂದ. ಪಾಪ, ಅವನ ಮಾತೂ ನಿಜ. ಶೂ ಬಿಚ್ಚಿ ಹಿಮ್ಮಡಿ ತೋರಿಸಿದೆ. ಅವನೂ ತನ್ನ ಕಾಲು ತೋರಿಸಿದ. ಒಡೆದ ಹಿಮ್ಮಡಿ, ಬೆರಳು ತೂರುವಷ್ಟು ಬಿರುಕು. ನಾನು ಏನೂ ಮಾತಾಡಲಿಲ್ಲ. ಮಾರನೇ ದಿನ ಒಂದು ಡಬ್ಬಿ ವ್ಯಾಸಲೀನ್ ತಂದುಕೊಟ್ಟೆ. ಅದಕ್ಕೋ ಇನ್ಯಾವುದಕ್ಕೋ, ಈಗ ನೀರು ಬಿಡುವಾಗ ಪೈಪನ್ನು ಆಚೆ ತಿರುಗಿಸಿಕೊಳ್ಳುತ್ತಾನೆ, ಈ ಒಂದಡಿ ಕೆಸರಾಗದ ಹಾಗೆ.

ಯುಗಾದಿ ಆಗಿ ಹೊಂಗೆ ಹೊಸ ಎಲೆ ಬಿಟ್ಟು ಹೂವಾಗಿದೆ. ಬೆಳಿಗ್ಗೆ ಹೋದರೆ ಟೈಲ್ಸು, ಮಣ್ಣು ಎಲ್ಲದರ ಮೇಲೂ ಹೂ. ಟೈಲ್ಸಿನ ಮೇಲಿನದನ್ನು ಗುಡಿಸುತ್ತಾರೆ. ಮಣ್ಣಿನ ಮೇಲಿನದು ಅಲ್ಲೇ ಉಳಿಯುತ್ತದೆ, ತುಳಿದಾಗ ಸಣ್ಣಗೆ ಅವಲಕ್ಕಿ ಹಿಸುಕಿದ ಸದ್ದು.

ಮೊನ್ನೆ ಅದನ್ನೇ ನೋಡುತ್ತಾ ಹೋಗುತ್ತಿದ್ದವನು ಅಭ್ಯಾಸಬಲದಿಂದ ತಲೆ ಎತ್ತಿದೆ. ಮೂರನೇ ಹೊಂಗೆಯ ಕೊಂಬೆ ಲೈನಿಗೆ ಎರಡಡಿ ಕೂಡ ಇಲ್ಲ. ಮಾಲಿ ತಾನೇ ಕತ್ತಿ ತರಲು ಹೊರಟಿದ್ದ, ತಡೆದೆ. ಆಫೀಸಿಗೆ ಫೋನ್ ಮಾಡಿದೆ. ಯಾರೋ ಹೊಸ ಹುಡುಗ. "ಮಳೆಗಾಲಕ್ಕೆ ಮುಂಚೆ ಬರ್ತಾರೆ ಸಾರ್" ಅಂದ. ಇದೇ ಮಾತನ್ನು ನಾನು ಎಷ್ಟು ಸಾವಿರ ಸಲ ಹೇಳಿದ್ದೇನೋ.