ಉಪ್ಪು, ಬೆಳ್ಳಿ, ರಂಪಣಿ

1977ರಲ್ಲಿ ಬಿ.ಎಸ್‌ಸಿ. ಓದಲು ಮಲ್ಪೆಯಿಂದ ಮೈಸೂರಿಗೆ ಬಂದಾಗ ನನ್ನ ಟ್ರಂಕಿನಲ್ಲಿ ಎರಡು ಜೊತೆ ಬಟ್ಟೆ, ಅಮ್ಮ ಕಟ್ಟಿಕೊಟ್ಟ ಒಣಮೀನು, ಮಾವನ ಆಗ್ಫಾ ಕ್ಲಿಕ್ ತ್ರೀ ಕ್ಯಾಮೆರಾ ಇದ್ದವು. ಸಂಪಾಜೆ ಘಾಟಿ ಹತ್ತಿ, ಮಡಿಕೇರಿ, ಹುಣಸೂರು ದಾಟಿ ಬಂದವನಿಗೆ ಮೊದಲ ವಾರವೆಲ್ಲ ನಿದ್ದೆ ಹತ್ತಲಿಲ್ಲ. ಹುಟ್ಟಿದಾಗಿನಿಂದ ಕಿವಿಯಲ್ಲಿದ್ದ ಅಲೆಯ ಸದ್ದು ಇಲ್ಲಿರಲಿಲ್ಲ. ಸಂಜೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಹೋಗಿ ಕೂರುತ್ತಿದ್ದೆ. ನೀರು ಕಂಡರೆ ಸಾಕಿತ್ತು.

ನಮ್ಮ ಕಾಲೇಜು ನನಗೆ ಕೊಟ್ಟಿದ್ದು ಬಹಳ. ಆದರೆ ಬರೆಯಲು ಕೂತಾಗ ನೆನಪಾಗುವುದು ಕೆಮಿಸ್ಟ್ರಿ ಲ್ಯಾಬಿನ ಒಂದು ಮಧ್ಯಾಹ್ನ. ಕೊಟ್ಟ ಲವಣದಲ್ಲಿ ಏನಿದೆಯೆಂದು ಪತ್ತೆ ಮಾಡುವ ಸಾಲ್ಟ್ ಅನಾಲಿಸಿಸ್ ನಡೆದಿತ್ತು. ಸಿಲ್ವರ್ ನೈಟ್ರೇಟ್ ಹನಿಸಿದೊಡನೆ ಪ್ರನಾಳದಲ್ಲಿ ಮೊಸರಿನಂಥ ಬಿಳಿ ಗಷ್ಟು ಕೂತಿತು. ಕ್ಲೋರೈಡ್ ಎಂದು ಬರೆದುಕೊಂಡು ತೊಳೆಯಲು ಹೊರಟವನನ್ನು ಮೇಷ್ಟ್ರು ತಡೆದರು. “ಚೆಲ್ಲಬೇಡ ಕಣಪ್ಪ, ಕಿಟಕಿ ಹತ್ರ ಬಿಸಿಲಿಗಿಡು.” ನೋಡನೋಡುತ್ತಿದ್ದಂತೆ ಬಿಳುಪು ನೇರಳೆಗೆ ತಿರುಗಿತು. “ಉಪ್ಪು ನಿಮ್ಮೂರದು, ಅದಕ್ಕೆ ಬೆಳ್ಳಿ ಸೇರಿತು, ಬಿಸಿಲು ಬಿತ್ತು. ಫೋಟೋ ಅಂದ್ರೆ ಇದೇ” ಎಂದರು. ಇಂಗ್ಲೆಂಡಿನ ಫಾಕ್ಸ್ ಟಾಲ್ಬಟ್ 1830ರ ದಶಕದಲ್ಲಿ ಕಾಗದಕ್ಕೆ ಮೊದಲು ಉಪ್ಪುನೀರನ್ನೂ ಆಮೇಲೆ ಸಿಲ್ವರ್ ನೈಟ್ರೇಟನ್ನೂ ಹಚ್ಚಿ ಚಿತ್ರ ಮೂಡಿಸಿದ ಕಥೆಯನ್ನು ಅವರು ಹೇಳುತ್ತಿದ್ದರೆ, ನಾನು ಬೆರಳಿನ ಮೇಲಾಗಿದ್ದ ಕಪ್ಪು ಕಲೆ ನೋಡುತ್ತಿದ್ದೆ.

ಆ ದಸರೆಗೆ ಊರೆಲ್ಲ ಮೈಸೂರಿಗೆ ಬರುತ್ತಿದ್ದರೆ ನಾನು ಊರಿಗೆ ಹೊರಟೆ. ಕೈಯಲ್ಲಿ ಒಂದೇ ರೋಲು, ಹನ್ನೆರಡು ಚಿತ್ರ. ಅಷ್ಟು ಹೊತ್ತಿಗೆ ಕಡಲಿನಲ್ಲೇ ಮೀನಿನ ಹಿಂಡನ್ನು ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸಿನ್ ಬೋಟುಗಳು ಬಂದಿದ್ದವು, ರಂಪಣಿಗೆ ಮೀನು ಬೀಳುವುದು ಕಡಿಮೆಯಾಗಿತ್ತು. ದೋಣಿಯಲ್ಲಿ ಬಲೆಯನ್ನು ಅರ್ಧಚಂದ್ರದಂತೆ ಬಿಟ್ಟು ಬಂದು, ದಡದಲ್ಲಿ ಎರಡೂ ತುದಿಯ ಹಗ್ಗವನ್ನು ಊರವರೆಲ್ಲ ಸೇರಿ ಎಳೆಯುವ ಮೀನುಗಾರಿಕೆ ಈ ರಂಪಣಿ. ಎಳೆದವರಿಗೆಲ್ಲ ಪಾಲು. ಬೆಳಿಗ್ಗೆ ಅವರ ಹಿಂದೆ ನಿಂತು, ಸೊಂಟದ ಹತ್ತಿರ ಕ್ಯಾಮೆರಾ ಹಿಡಿದು ಒಂದು ತೆಗೆದೆ.

ಲ್ಯಾಬಿನ ಹಿಂದಿನ ಸಾಮಾನಿನ ಕೋಣೆಯೇ ನಮ್ಮ ಡಾರ್ಕ್‌ರೂಮ್. ಕಿಟಕಿಗೆ ಕರಿ ಬಟ್ಟೆ, ಒಂದು ಕೆಂಪು ಬಲ್ಬು, ಮೂರು ಟ್ರೇ. ಮೇಷ್ಟ್ರು ಕಾಗದವನ್ನು ಡೆವಲಪರ್‌ನಲ್ಲಿ ಮುಳುಗಿಸಿ ಟ್ರೇಯನ್ನು ಮೆಲ್ಲಗೆ ತೂಗಿದರು. ಮೊದಲು ಹಗ್ಗ ಮೂಡಿತು. ಆಮೇಲೆ ಬಿಸಿಲಿಗೆ ಕಂದಿದ ಬೆನ್ನುಗಳು, ಒಂದೊಂದಾಗಿ. ಮರಳು ಬಂತು. ಆಕಾಶ ಎಲ್ಲಕ್ಕಿಂತ ಕಡೆಗೆ. ನನಗೆ ಗಂಟಲು ಕಟ್ಟಿತು. ಮಂಡ್ಯ ಕಡೆಯವರಾದ ಮೇಷ್ಟ್ರು ಸಮುದ್ರ ನೋಡಿದವರಲ್ಲ. ಚಿತ್ರವನ್ನು ಕಾಗದದಲ್ಲಿ ನಿಲ್ಲಿಸುವ ಹೈಪೋ ದ್ರಾವಣದಿಂದ ತೆಗೆದ ಪ್ರಿಂಟನ್ನು ಬೆಳಕಿಗೆ ಹಿಡಿದು, “ಈ ಬಿಳಿ ಗೀರು ನೊರೆಯೇನಪ್ಪ?” ಎಂದು ಕೇಳಿದರು. ಹೌದೆಂದೆ. ಇನ್ನೊಂದು ಪ್ರತಿ ಮಾಡಿ ತಮಗಿಟ್ಟುಕೊಂಡರು.

ಮೈಸೂರಿನವರೇ ಆದ ಪತ್ರಿಕಾ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಅವರಿಗೆ ಪದ್ಮಶ್ರೀ ಬಂದದ್ದೂ ಅದೇ 1977ರಲ್ಲಿ. ಪತ್ರಿಕೆಗಳಲ್ಲಿ ಅವರು ತೆಗೆದ ಸಾಮಾನ್ಯ ಜನರ ಚಿತ್ರ ಕಂಡರೆ ಮೇಷ್ಟ್ರು ಕರೆದು ತೋರಿಸುತ್ತಿದ್ದರು. ಆಮೇಲೆ ನನಗೆ ಯಾಶಿಕಾ ಬಂತು, ಪೆಂಟಾಕ್ಸ್ ಕೆ 1000 ಬಂತು, ಈಗ ಡಿಜಿಟಲ್. ಕೆಲಸ ಮೈಸೂರಿನಲ್ಲೇ ಸಿಕ್ಕಿತು, ಮನೆಯೂ ಇಲ್ಲೇ ಆಯಿತು. ಮಳೆಗಾಲದಲ್ಲಿ ಊರಲ್ಲಿ ಬಿಟ್ಟು ಬಂದಿದ್ದ ಒಂದು ಲೆನ್ಸಿನೊಳಗೆ ಬೇರಿನಂತೆ ಬೂಷ್ಟು ಹಬ್ಬಿತು. ಅದನ್ನು ಎಸೆಯಲು ಮನಸ್ಸಾಗದೆ ಇಟ್ಟುಕೊಂಡಿದ್ದೇನೆ.

ನಮ್ಮ ದಡದಲ್ಲಿ ರಂಪಣಿ ಕೆಲವೇ ವರ್ಷಗಳಲ್ಲಿ ನಿಂತಿತು. ಆ ಪ್ರಿಂಟು ಈಗ ಅಣ್ಣನ ಮನೆಯ ಜಗಲಿಯಲ್ಲಿದೆ. ಅದರಲ್ಲಿ ಒಬ್ಬರ ಮುಖವೂ ಕಾಣುವುದಿಲ್ಲ. ಕಳೆದ ಸಲ ಹೋದಾಗ ನೆರೆಮನೆಯ ಅಜ್ಜಿ ಅದರ ಮುಂದೆ ಬಹಳ ಹೊತ್ತು ನಿಂತಿದ್ದರು. ಆಮೇಲೆ ಗಾಜಿನ ಮೇಲೆ ಬೆರಳಿಟ್ಟು ಹೇಳಿದರು: “ಈ ಮೂರನೆಯವರು ನಮ್ಮ ಮನೆಯವರು ಮಗಾ. ಎಡಗಾಲು ಊರಿದ್ದು ನೋಡು.”