ಕ್ಯೂಬಾ ಪ್ರಾಜೆಕ್ಟ್, ಮೂರನೇ ತಿಂಗಳು: ಒಂದೇ ಭೇಟಿ, ನಾಲ್ಕು ಕಾಗದ

ಹೋದ ಸಲ ಬರೆದಾಗ, ಸೋವಿಯತ್ ಒಕ್ಕೂಟ ಕ್ಯೂಬಾದಲ್ಲಿ ಅಣ್ವಸ್ತ್ರ ಕ್ಷಿಪಣಿ ಇಟ್ಟಿದ್ದಕ್ಕೆ ಅಮೆರಿಕದ ಜೊತೆ ಯುದ್ಧ ಆಗೋ ಹಂತಕ್ಕೆ ಹೋಗಿದ್ದ 1962ರ ಅಕ್ಟೋಬರ್‌ನ ಆ 13 ದಿನಾನೂ ಒಂದು ಎಕ್ಸೆಲ್ ಶೀಟಲ್ಲಿ ಕೂರಿಸ್ತೀನಿ, ಅಮೆರಿಕದ ದಾಖಲೆಗೆ ಒಂದು ಕಾಲಂ, ಸೋವಿಯತ್ ದಾಖಲೆಗೆ ಒಂದು ಕಾಲಂ ಅಂತ ಹೇಳಿದ್ದೆ. ಅದನ್ನ ಸದ್ಯಕ್ಕೆ ಬದಿಗಿಟ್ಟಿದೀನಿ. ಈ ತಿಂಗಳೆಲ್ಲ ಒಂದೇ ಒಂದು ಸಂಜೆ ಹಿಡ್ಕೊಂಡು ಕೂತಿದ್ದೆ, ಅಕ್ಟೋಬರ್ 27, ಶನಿವಾರ, ವಾಷಿಂಗ್ಟನ್ನಲ್ಲಿ ರಾತ್ರಿ 7:45. ಅಮೆರಿಕ ಅಧ್ಯಕ್ಷ ಜಾನ್ ಕೆನಡಿ ತಮ್ಮ ರಾಬರ್ಟ್ ಕೆನಡಿ ಸೋವಿಯತ್ ರಾಯಭಾರಿ ದೊಬ್ರಿನಿನ್ನ ನ್ಯಾಯ ಇಲಾಖೆಯ ತನ್ನ ಆಫೀಸಿಗೆ ಕರೆಸ್ಕೊಂಡಿದ್ದು ಆಗ.

ಗೊತ್ತಿಲ್ದೇ ಇರೋರಿಗೆ ಚಿಕ್ಕದಾಗಿ ಹೇಳ್ಬಿಡ್ತೀನಿ. ಹಿಂದಿನ ದಿನ ಸೋವಿಯತ್ ನಾಯಕ ಕ್ರುಶ್ಚೇವ್ ಕಳಿಸಿದ್ದ ಉದ್ದದ ಪತ್ರದಲ್ಲಿ ಕ್ಯೂಬಾ ಮೇಲೆ ದಾಳಿ ಮಾಡಲ್ಲ ಅಂತ ಮಾತು ಕೊಟ್ರೆ ಸಾಕು ಅನ್ನೋ ಥರ ಇತ್ತು, 27ನೇ ತಾರೀಖು ಮಾಸ್ಕೋ ರೇಡಿಯೋದಲ್ಲಿ ಬಂದ ಪತ್ರದಲ್ಲಿ ಟರ್ಕಿಯಲ್ಲಿರೋ ಅಮೆರಿಕದ ಜುಪಿಟರ್ ಕ್ಷಿಪಣಿಗಳನ್ನೂ ತೆಗೀಬೇಕು ಅಂತ ಸೇರ್ಕೊಂಡಿತ್ತು, ಅವತ್ತೇ ಕ್ಯೂಬಾ ಮೇಲೆ ಅಮೆರಿಕದ ಯು-2 ಬೇಹುಗಾರಿಕೆ ವಿಮಾನ ಹೊಡೆದುರುಳಿಸಿ ಮೇಜರ್ ಆಂಡರ್ಸನ್ ಸತ್ತಿದ್ದ. ಅಂಥ ದಿನದ ಸಂಜೆ ಇದು. ಶ್ವೇತಭವನದ ಮೀಟಿಂಗುಗಳನ್ನ ಕೆನಡಿ ಗುಟ್ಟಾಗಿ ಟೇಪ್ ಮಾಡಿಸ್ತಿದ್ರು, ಆದ್ರೆ ಈ ಮಾತುಕತೆಗೆ ಟೇಪ್ ಇಲ್ಲ, ಕೋಣೆಯಲ್ಲಿದ್ದಿದ್ದು ಇಬ್ಬರೇ. ನಮಗಿರೋದು ಕಾಗದ ಮಾತ್ರ.

ಕಾಗದ ನಾಲ್ಕು. ದೊಬ್ರಿನಿನ್ ಅದೇ ರಾತ್ರಿ ಮಾಸ್ಕೋಗೆ ಕಳಿಸಿದ ಟೆಲಿಗ್ರಾಂ ಒಂದು. ರಾಬರ್ಟ್ ಕೆನಡಿ ವಿದೇಶಾಂಗ ಕಾರ್ಯದರ್ಶಿ ಡೀನ್ ರಸ್ಕ್‌ಗೆ ಬರೆದ ಮೆಮೊ ಇನ್ನೊಂದು, ಅದರ ಮೇಲಿನ ತಾರೀಖು ಅಕ್ಟೋಬರ್ 30. ರಾಬರ್ಟ್ ಕೊಲೆಯಾದ ಮೇಲೆ 1969ರಲ್ಲಿ ಬಂದ ಆತನದೇ ‘ಥರ್ಟೀನ್ ಡೇಸ್’ ಪುಸ್ತಕ ಮೂರನೇದು. ಅಧಿಕಾರ ಕಳ್ಕೊಂಡ ಮೇಲೆ ಕ್ರುಶ್ಚೇವ್ ಟೇಪಿಗೆ ಹೇಳಿ ಬರೆಸಿದ ನೆನಪುಗಳು ನಾಲ್ಕನೇದು.

ಮೊದಲ ಎರಡು ವಾರ ನಾನು ಮಾಡಿದ್ದ ತಪ್ಪು ಅಂದ್ರೆ ಪುಸ್ತಕವನ್ನ ಬೇಸ್ ಮಾಡ್ಕೊಂಡು ಉಳಿದಿದ್ದೆಲ್ಲ ಅದಕ್ಕೆ ಹೋಲಿಸ್ತಾ ಹೋಗಿದ್ದು. ಓದೋಕೆ ಸಲೀಸಾಗಿದೆ, ಕೋಣೆಯಲ್ಲಿದ್ದ ಮನುಷ್ಯನೇ ಬರ್ದಿದಾನೆ, ಇನ್ನೇನು ಬೇಕು ಅನ್ಸಿತ್ತು. ಅದರಲ್ಲಿ ಟರ್ಕಿ ವಿಷಯ ಹೇಗಿದೆ ಅಂದ್ರೆ, ಕೊಡು-ತಗೋ ಒಪ್ಪಂದ ಸಾಧ್ಯವಿಲ್ಲ ಅಂದೆ, ಆದ್ರೆ ಅಧ್ಯಕ್ಷರಿಗೆ ಆ ಕ್ಷಿಪಣಿ ತೆಗೆಸೋ ಮನಸ್ಸು ಮೊದಲಿಂದ್ಲೂ ಇತ್ತು, ಈ ಗಲಾಟೆ ಮುಗಿದ ಸ್ವಲ್ಪ ದಿನಕ್ಕೆ ಅವು ಹೋಗಿರುತ್ವೆ ಅಂದೆ ಅಂತ. ಬರೀ ‘ಸ್ವಲ್ಪ ದಿನ’.

ದೊಬ್ರಿನಿನ್ ಟೆಲಿಗ್ರಾಂನಲ್ಲಿ ನೋಡಿದ್ರೆ ಲೆಕ್ಕ ಇದೆ, 4-5 ತಿಂಗಳು ಬೇಕು ಅಂತ. ಅಧ್ಯಕ್ಷರು ಇದನ್ನ ಬಹಿರಂಗವಾಗಿ ಹೇಳೋ ಹಾಗಿಲ್ಲ, ವಾಷಿಂಗ್ಟನ್ನಲ್ಲಿ ಇದು ಗೊತ್ತಿರೋದು ನಮ್ಮಣ್ಣನಿಗೆ, ನನಗೆ ಬಿಟ್ರೆ ಇನ್ನಿಬ್ಬರು ಮೂವರಿಗೆ ಅಷ್ಟೇ ಅಂತ ರಾಬರ್ಟ್ ಅಂದಿದ್ದೂ ಇದೆ. ರಾಯಭಾರಿ ತನ್ನ ಸಾಧನೆ ದೊಡ್ಡದು ಮಾಡಿ ಬರೆದಿರಬಹುದಲ್ವಾ ಅಂತ ಮೊದಲು ಅನುಮಾನ ಬಂತು, ಬರೋದು ಸಹಜ. ಆಮೇಲೆ ರಸ್ಕ್‌ಗೆ ಹೋದ ಮೆಮೊ ತೆಗೆದೆ. ಒಪ್ಪಂದ ಇಲ್ಲವೇ ಇಲ್ಲ ಅಂತ ಗಟ್ಟಿಯಾಗಿ ಬರ್ದು, ಅದಾದ್ಮೇಲೆ ಒಂದು ವಾಕ್ಯ ಬರುತ್ತೆ, ಸ್ವಲ್ಪ ಕಾಲ ಹೋದ್ರೆ, ನಿಮ್ಮ ಸೂಚನೆ ಪ್ರಕಾರ ನಾನು 4-5 ತಿಂಗಳು ಅಂದೆ, ಇದು ಸಮಾಧಾನಕರವಾಗಿ ಬಗೆಹರಿಯುತ್ತೆ ಅಂತ. ಮೆಮೊದಲ್ಲೇ ಆ ವಾಕ್ಯದ ಮೇಲೆ ಗೀಟು ಎಳೆದು ಹೊಡೆದು ಹಾಕಿರೋದು ಕಾಣುತ್ತೆ. ಹೊಡೆದು ಹಾಕಿದ್ರೂ ಓದೋಕೆ ಬರುತ್ತೆ. ವಿರುದ್ಧ ಪಕ್ಷದವನು ಬೇರೆ ಭಾಷೆಯಲ್ಲಿ ಬೇರೆ ಊರಿಗೆ ಕಳಿಸಿದ ಸಂಖ್ಯೆ ಅಲ್ಲೇ ಕೂತಿದೆ! ಅವತ್ತು ರಾತ್ರಿ ನಂಗೆ ನಿದ್ದೆ ಬರ್ಲಿಲ್ಲ, ನಿಜವಾಗ್ಲೂ.

ಆಮೇಲೆ ಹೊಳೆದಿದ್ದು ತಾರೀಖು. 30ನೇ ತಾರೀಖು ಇನ್ನೊಂದು ಘಟನೆನೂ ಇದೆ. ಟರ್ಕಿ ಮಾತನ್ನ ಬರಹದಲ್ಲಿ ಇಳಿಸಿದ್ದ ಕ್ರುಶ್ಚೇವ್ ಪತ್ರವೊಂದನ್ನ ದೊಬ್ರಿನಿನ್ 29ಕ್ಕೆ ತಂದುಕೊಟ್ಟಿದ್ರು, ರಾಬರ್ಟ್ ಕೆನಡಿ ಮಾರನೇ ದಿನ ಅದನ್ನ ವಾಪಸ್ ಕೊಟ್ಬಿಟ್ರು, ಇಂಥ ಕಾಗದ ಮುಂದೆ ಎಲ್ಲಿ ಹೊರಗೆ ಬರುತ್ತೋ ಅಂತ. ಅಂದ್ರೆ ಮೆಮೊ ಮೇಲಿರೋ ತಾರೀಖು, ಸೋವಿಯತ್ ಕಡೆಯ ಕಾಗದ ವಾಪಸ್ ಕಳಿಸಿದ ತಾರೀಖು ಎರಡೂ ಒಂದೇ. ಈಗ ನನಗೆ ಆ ಮೆಮೊ ಶನಿವಾರದ ಭೇಟಿಯ ವರದಿ ಅನ್ನೋದಕ್ಕಿಂತ ಮಂಗಳವಾರದ ಎಚ್ಚರಿಕೆಯ ದಾಖಲೆ ಥರ ಕಾಣುತ್ತೆ. ಶೀಟಲ್ಲಿ ಅದನ್ನ 27ರ ಸಾಲಿಂದ ತೆಗೆದು 30ರ ಸಾಲಿಗೆ ಹಾಕಿದೀನಿ.

ಪುಸ್ತಕದ ಕಥೆಯಂತೂ 1989ರಲ್ಲೇ ಬಯಲಾಗಿದೆ. ಮಾಸ್ಕೋದಲ್ಲಿ ಎರಡೂ ಕಡೆಯವರು ಸೇರಿದ್ದ ಸಮ್ಮೇಳನದಲ್ಲಿ, ದೊಬ್ರಿನಿನ್ ಎದುರಿಗೇ, ಪುಸ್ತಕ ಎಡಿಟ್ ಮಾಡಿದ್ದ, ಅಧ್ಯಕ್ಷ ಕೆನಡಿಯ ಸಲಹೆಗಾರರಾಗಿದ್ದ ಟೆಡ್ ಸೊರೆನ್ಸನ್ ಒಪ್ಕೊಂಡ್ರು, ರಾಬರ್ಟ್ ಡೈರಿಯಲ್ಲಿ ಟರ್ಕಿ ಒಪ್ಪಂದ ಸ್ಪಷ್ಟವಾಗೇ ಇತ್ತು, ಅದಿನ್ನೂ ಗುಟ್ಟಾಗಿದ್ದರಿಂದ ನಾನೇ ತೆಗೆದೆ ಅಂತ. ಟರ್ಕಿಯ ಆ 15 ಜುಪಿಟರ್‌ಗಳು 1963ರ ಏಪ್ರಿಲ್ ಮುಗಿಯೋದ್ರೊಳಗೆ ಹೋಗಿದ್ವು.

ಕ್ರುಶ್ಚೇವ್ ನೆನಪುಗಳಿಂದ ಒಂದೇ ವಿಷಯ ಎತ್ಕೊಂಡಿದೀನಿ. ಟೆಲಿಗ್ರಾಂನಲ್ಲಿ ರಾಬರ್ಟ್, ನಮ್ಮ ಜನರಲ್‌ಗಳಲ್ಲಿ, ಜನರಲ್‌ಗಳಲ್ಲಿ ಮಾತ್ರ ಅಲ್ಲ, ಜಗಳಕ್ಕೆ ಕಾಯ್ತಿರೋ ತಲೆಕೆಟ್ಟವರು ಬೇಕಾದಷ್ಟಿದಾರೆ ಅಂದಂತೆ ಇದೆ. ಕ್ರುಶ್ಚೇವ್ ಹೇಳಿಕೆಗೆ ಬರೋ ಹೊತ್ತಿಗೆ ಅದು, ಸೈನ್ಯ ಅಧ್ಯಕ್ಷರನ್ನೇ ಕೆಳಗಿಳಿಸಿ ಅಧಿಕಾರ ಹಿಡಿಯಬಹುದು ಅನ್ನೋಷ್ಟು ಬೆಳೆದಿದೆ. ಸುಳ್ಳು ಹೇಳಿದ್ರು ಅಂತ ನಂಗೆ ಅನ್ಸಲ್ಲ. ತಾನು ಯಾಕೆ ಕ್ಯೂಬಾದಿಂದ ಕ್ಷಿಪಣಿ ತೆಗೆಸಿ ಹಿಂದೆ ಸರಿದೆ ಅಂತ ತನಗೇ ಹೇಳ್ಕೊಂಡು ಹೇಳ್ಕೊಂಡು ಆ ಮಾತು ಬಲಿತಿರಬೇಕು.

ಇನ್ನೊಂದು ಎಡವಟ್ಟು, ಟೈಮ್‌ದು. 27ರ ರಾತ್ರಿ 7:45 ಅಂದ್ರೆ ಮಾಸ್ಕೋದಲ್ಲಿ ಆಗ್ಲೇ 28, ಬೆಳಗಿನ ಜಾವ 2:45. ಅದೇ ರಾತ್ರಿ ವಾಷಿಂಗ್ಟನ್ನಲ್ಲಿ ಬೇಸಿಗೆ ಗಡಿಯಾರ ಮುಗಿದು ಒಂದು ಗಂಟೆ ಹಿಂದೆ ಹೋಯ್ತು, ವ್ಯತ್ಯಾಸ 7 ಗಂಟೆಯಿಂದ 8 ಆಯ್ತು. ನಾನು ಎರಡೂ ದಿನಕ್ಕೆ ಒಂದೇ ಫಾರ್ಮುಲಾ ಹಾಕಿ ಭಾನುವಾರದ ಅಷ್ಟೂ ಸಾಲು ತಪ್ಪಾಗಿತ್ತು, ಸರಿ ಮಾಡಿದೆ.

ಅಮ್ಮಂಗೆ ಇದನ್ನೆಲ್ಲ ಹೇಳ್ತಿದ್ರೆ, ಅರವತ್ತೆರಡು ಅಂದ್ರೆ ಚೀನಾ ಯುದ್ಧ ಅಲ್ವೇನೋ ಅಂದ್ರು. ಹೌದು, ಅದು ಶುರುವಾಗಿದ್ದು ಅದೇ ಅಕ್ಟೋಬರ್ 20ಕ್ಕೆ, ನಮ್ಮ ಮನೆಗಳಲ್ಲಿ ಉಳಿದಿರೋ ನೆನಪು ಅದೇ.

ಮುಂದಿನ ಕೆಲಸ ಮಾಸ್ಕೋ ಕಡೇದು, ಪ್ರೆಸಿಡಿಯಂ (ಸೋವಿಯತ್ ಪಕ್ಷದ ಅತ್ಯುನ್ನತ ಸಮಿತಿ) ಸಭೆಗಳಲ್ಲಿ ಪಕ್ಷದ ಅಧಿಕಾರಿ ವ್ಲಾದಿಮಿರ್ ಮಾಲಿನ್ ಕೈಯಲ್ಲಿ ಗೀಚಿಟ್ಟ ಟಿಪ್ಪಣಿಗಳು. ಅರ್ಧರ್ಧ ವಾಕ್ಯಗಳು, ಯಾರು ಏನಂದ್ರು ಅಂತ ಎರಡೆರಡು ಪದ. 28ರ ಪುಟದಿಂದ ಶುರು ಮಾಡ್ತೀನಿ, ಈ ಸಲ ಪ್ರತಿ ಸಾಲಿನ ಪಕ್ಕ ‘ಯಾರಿಗೆ ಬರೆದಿದ್ದು’ ಅನ್ನೋ ಕಾಲಂ ಮೊದಲೇ ಹಾಕ್ಕೊಂಡು.