ಖಡಕ್‌ವಾಸ್ಲಾ ತುಂಬಿತು ಅಂದ್ರೆ ಏನು ತುಂಬಿತು?

ಜುಲೈ ಬಂತೆಂದರೆ ಪುಣೆಯ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಎರಡು ಬಗೆಯ ಸಂದೇಶ ಓಡಾಡುತ್ತವೆ. ಭಾನುವಾರ ಯಾವ ‘ಲೇಕ್’ಗೆ ಹೋಗೋಣ ಅನ್ನುವುದು ಒಂದು. ಖಡಕ್‌ವಾಸ್ಲಾ ಜಲಾಶಯ ನೂರಕ್ಕೆ ನೂರು ತುಂಬಿತು, ಈ ವರ್ಷ ನೀರಿನ ಚಿಂತೆ ಇಲ್ಲ ಅನ್ನುವುದು ಇನ್ನೊಂದು. ಮೊದಲನೆಯವರು ಹೋಗುವ ಜಾಗ ಬಹುತೇಕ ಅಣೆಕಟ್ಟಿನ ಹಿನ್ನೀರು. ಎರಡನೆಯವರ ನಿಶ್ಚಿಂತೆಗೆ ಆಧಾರ ಸಾಲದು.

ಸಹ್ಯಾದ್ರಿಯ ನೆತ್ತಿಯ ಮೇಲೆ ವರ್ಷಕ್ಕೆ ಐದು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರುಗಳಿವೆ. ಆದರೂ ಅಲ್ಲಿ ತಾನಾಗಿ ಹುಟ್ಟಿದ ದೊಡ್ಡ ಸರೋವರ ಇಲ್ಲ. ಹಿಮಾಲಯದಲ್ಲೋ ಆಲ್ಪ್ಸ್‌ನಲ್ಲೋ ಹಿಮನದಿಗಳು ಕಣಿವೆಯ ತಳ ಕೊರೆದು, ಕೊರೆದ ಕಲ್ಲುಮಣ್ಣನ್ನೇ ತುದಿಗೆ ಒಡ್ಡಿನಂತೆ ಪೇರಿಸಿ ಹೋದವು. ಆ ಗುಂಡಿಗಳೇ ಸರೋವರಗಳಾದವು. ಇಲ್ಲಿ ಹಿಮನದಿ ಹರಿದದ್ದೇ ಇಲ್ಲ. ಪದರಪದರವಾದ ಬಸಾಲ್ಟ್ ಬಂಡೆಯನ್ನು ಹೊಳೆಗಳೇ ಕೊಯ್ದಿರುವುದರಿಂದ ಪ್ರತಿ ಕಣಿವೆಗೂ ಹೊರದಾರಿ ಇದ್ದೇ ಇದೆ. ನೀರು ನಿಲ್ಲಬೇಕಾದರೆ ಆ ದಾರಿಗೆ ಯಾರಾದರೂ ಗೋಡೆ ಹಾಕಬೇಕು. ಮಹಾಬಳೇಶ್ವರದ ವೆಣ್ಣಾ ಕೆರೆ 1842ರಲ್ಲಿ ಸಾತಾರಾದ ರಾಜರು ಕಟ್ಟಿಸಿದ್ದು. ಕಾತ್ರಜ್ ಕೆರೆ ನಾನಾಸಾಹೇಬ ಪೇಶ್ವೆಯ ಕಾಲದ್ದು. ಅಲ್ಲಿಂದ ಶನಿವಾರವಾಡೆಯವರೆಗೆ ನೆಲದಡಿಯ ಕಾಲುವೆ ಹಾಕಿ, ನಡುನಡುವೆ ಹೂಳು ತಂಗುವ ಗುಂಡಿಗಳನ್ನೂ ಮಾಡಿದ್ದರು. ಮಹಾರಾಷ್ಟ್ರದಲ್ಲಿ ನಿಜಕ್ಕೂ ತಾನಾಗಿ ಆದ ಹೆಸರಾಂತ ಸರೋವರವೆಂದರೆ ಉಲ್ಕೆ ಬಿದ್ದು ಆದ ಲೋಣಾರ್. ಅದು ಘಟ್ಟದಲ್ಲಿಲ್ಲ, ದೂರದ ಬುಲ್ಢಾಣಾ ಜಿಲ್ಲೆಯಲ್ಲಿದೆ.

ಕಟ್ಟಿದ್ದೋ ಹುಟ್ಟಿದ್ದೋ ಎಂದು ದಡ ನೋಡಿಯೇ ಹೇಳಬಹುದು. ಅಣೆಕಟ್ಟಿನ ನೀರು ವರ್ಷದುದ್ದಕ್ಕೂ ಏರಿಳಿಯುವುದರಿಂದ ಬೇಸಿಗೆಯಲ್ಲಿ ನೀರಂಚಿಗೂ ಹಸಿರಿಗೂ ನಡುವೆ ಬೋಳು ಮಣ್ಣಿನ ಅಗಲ ಪಟ್ಟಿ ಕಾಣುತ್ತದೆ. ಹಿನ್ನೀರು ಹಳ್ಳಗಳೊಳಕ್ಕೆ ಬೆರಳು ಚಾಚಿದಂತೆ ಹೊಕ್ಕಿರುತ್ತದೆ. ಅತಿ ಆಳ ನಡುವೆ ಇರುವುದಿಲ್ಲ, ಗೋಡೆಯ ಬುಡದಲ್ಲಿರುತ್ತದೆ.

ಈಗ ಪರ್ಸೆಂಟಿನ ವಿಷಯ. ಪುಣೆಗೆ ನೀರು ಕೊಡುವುದು ನಾಲ್ಕು ಜಲಾಶಯಗಳ ಸರಣಿ. ಅವುಗಳ ಬಳಕೆಯೋಗ್ಯ ಸಂಗ್ರಹ ಹೀಗಿದೆ: ಮೋಸೆ ಹೊಳೆಯ ವರಸ್‌ಗಾಂವ್ 12.82 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ), ಅಂಬಿ ಹೊಳೆಯ ಪಾನ್‌ಶೇತ್ 10.65, ಮುಠಾದ ಮೇಲ್ಭಾಗದ ಟೇಮ್‌ಘರ್ 3.71, ಎಲ್ಲಕ್ಕಿಂತ ಕೆಳಗಿರುವ ಖಡಕ್‌ವಾಸ್ಲಾ 1.97. ಒಟ್ಟು 29.15. ಅಂದರೆ ಖಡಕ್‌ವಾಸ್ಲಾ ಪೂರ್ತಿ ತುಂಬಿದರೂ ಸಿಗುವುದು ಹದಿನೈದರಲ್ಲಿ ಒಂದು ಪಾಲು. ನಗರವೊಂದೇ ತಿಂಗಳಿಗೆ ಸುಮಾರು ಒಂದೂವರೆ ಟಿಎಂಸಿ ಕುಡಿಯುತ್ತದೆ. ದೌಂಡ್, ಇಂದಾಪುರದ ಕಡೆಗೆ ಹೋಗುವ ಕಾಲುವೆಯ ಪಾಲು ಬೇರೆ. ಚಿಕ್ಕದಾದ್ದರಿಂದಲೇ ಅದು ಬೇಗ ತುಂಬುತ್ತದೆ, ಬೇಗ ತುಂಬುವುದರಿಂದಲೇ ಸುದ್ದಿಯಾಗುತ್ತದೆ. ನೋಡಬೇಕಾದದ್ದು ವರಸ್‌ಗಾಂವ್, ಪಾನ್‌ಶೇತ್‌ಗಳ ಅಂಕಿ. ಟೇಮ್‌ಘರ್‌ನದು ಇನ್ನೊಂದು ತಾಪತ್ರಯ: ಗೋಡೆಯಲ್ಲಿ ಸೋರಿಕೆ ಹೆಚ್ಚಾಗಿ, ಮೈಗೆ ರಂಧ್ರ ಕೊರೆದು ಒತ್ತಡದಲ್ಲಿ ಸಿಮೆಂಟ್ ಗಾರೆ ತುಂಬುವ ದುರಸ್ತಿ ಮಾಡಬೇಕಾಯಿತು. ಆ ಕೆಲಸಕ್ಕೆ ಅಣೆಕಟ್ಟು ಖಾಲಿ ಬೇಕು.

ಮರಾಠಿ ಪತ್ರಿಕೆಯ ‘ಉಪಯುಕ್ತ ಸಾಠಾ’ ಎಂದರೆ ಈ ಬಳಕೆಯೋಗ್ಯ ನೀರು, ‘ಮೃತ ಸಾಠಾ’ ಎಂದರೆ ತೂಬಿನ ಮಟ್ಟಕ್ಕಿಂತ ಕೆಳಗುಳಿದದ್ದು, ‘ವಿಸರ್ಗ’ ಎಂದರೆ ಹೊರಬಿಟ್ಟದ್ದು. ಶೇಕಡಾ ಲೆಕ್ಕ ಉಪಯುಕ್ತ ಸಾಠಾದ ಮೇಲೆ ಮಾತ್ರ. ಕೆಆರ್‌ಎಸ್ ಎಷ್ಟು ಅಡಿ ಎಂದು ಕೇಳಿ ಬೆಳೆದ ನಮಗೆ ಇದು ಮೊದಮೊದಲು ಗೊಂದಲವೇ, ಆದರೆ ಹೆಚ್ಚು ಪ್ರಾಮಾಣಿಕ ಲೆಕ್ಕ. ಕಣಿವೆ ಮೇಲೆ ಹೋದಂತೆ ಅಗಲವಾಗುವುದರಿಂದ ಮೇಲಿನ ಹತ್ತು ಅಡಿಯಲ್ಲಿರುವ ನೀರು ತಳದ ಹತ್ತು ಅಡಿಗಿಂತ ಎಷ್ಟೋ ಪಟ್ಟು ಹೆಚ್ಚು. 124.80 ಅಡಿಯ ಕೆಆರ್‌ಎಸ್‌ನಲ್ಲಿ 100 ಅಡಿ ಇದೆ ಎಂದರೆ ಐದರಲ್ಲಿ ನಾಲ್ಕು ಪಾಲು ನೀರಿದೆ ಎಂದಲ್ಲ, ಅರ್ಧದ ಆಸುಪಾಸು ಅಷ್ಟೇ.

ಖಡಕ್‌ವಾಸ್ಲಾ ನಮ್ಮವರಿಗೆ ಬೇರೆ ಕಾರಣಕ್ಕೂ ಹತ್ತಿರ. ವಿಶ್ವೇಶ್ವರಯ್ಯನವರ ಸ್ವಯಂಚಾಲಿತ ಗೇಟುಗಳನ್ನು ಮೊದಲು ಕೂರಿಸಿದ್ದು ಇಲ್ಲೇ, 1903ರಲ್ಲಿ. ಕೆಆರ್‌ಎಸ್‌ಗೆ ಹೋದದ್ದು ಆಮೇಲೆ. ಪ್ರವಾಹದ ನೀರು ಮಿತಿ ಮೀರಿದಾಗ ತಾವೇ ತೆರೆದು, ಇಳಿದಾಗ ತಾವೇ ಮುಚ್ಚುವ ಬಾಗಿಲುಗಳು. ಗೋಡೆಯನ್ನು ಎತ್ತರಿಸದೆಯೇ ಹೆಚ್ಚು ನೀರು ನಿಲ್ಲಿಸುವ ಉಪಾಯ.

1961ರ ಜುಲೈ 12ರಂದು ಆದದ್ದು ಆ ಬಗೆಯ ಲೆಕ್ಕವನ್ನೆಲ್ಲ ಮೀರಿದ್ದು. ಮೇಲಿನ ಪಾನ್‌ಶೇತ್ ಮಣ್ಣಿನ ಅಣೆಕಟ್ಟು, ಇನ್ನೂ ಕಟ್ಟುತ್ತಿದ್ದರು. ನೀರು ಹೊರಬಿಡುವ ತೂಬುಗಾಲುವೆ, ಅದರ ಗೇಟುಗಳ ಕೆಲಸ ಮುಗಿಯುವ ಮೊದಲೇ ಮಳೆಗಾಲದ ನೀರು ಏರಿತು. ಆ ಕಾಲುವೆ ಜಖಂಗೊಂಡು ಅದರ ಮೇಲಿನ ಮಣ್ಣು ಕುಸಿಯತೊಡಗಿತು. ಕಲ್ಲಿನ ಅಣೆಕಟ್ಟಿನ ಮೇಲೆ ನೀರು ಸ್ವಲ್ಪ ಹೊತ್ತು ಹರಿದರೂ ತಾಳಿಕೊಳ್ಳಬಹುದು. ಮಣ್ಣಿನದು ಒಮ್ಮೆ ಮೇಲಿಂದ ಹರಿಯಿತೆಂದರೆ ಕೊಚ್ಚಿಕೊಂಡೇ ಹೋಗುತ್ತದೆ. ಪಾನ್‌ಶೇತ್ ಒಡೆದ ನೀರು ಬಂದು ಖಡಕ್‌ವಾಸ್ಲಾದ ಗೋಡೆಯನ್ನೂ ಒಡೆಯಿತು, ಪುಣೆಯ ನದಿದಂಡೆಯ ಪೇಠೆಗಳು ಮುಳುಗಿದವು. ಇವತ್ತಿಗೂ ಹಳೆಯ ಪುಣೆಕರರು ಕಾಲ ಎಣಿಸುವಾಗ ‘ಪಾನ್‌ಶೇತ್‌ಗೆ ಮುಂಚೆ, ಆಮೇಲೆ’ ಅನ್ನುತ್ತಾರೆ.

ಈಗ ಒಡೆಯುವ ಭಯ ಅಲ್ಲ, ಬಿಡುವ ನೀರಿನ ಲೆಕ್ಕ. ಒಂದು ಟಿಎಂಸಿ ಎಂದರೆ ಸುಮಾರು 2,832 ಕೋಟಿ ಲೀಟರ್. ಸೆಕೆಂಡಿಗೆ 11,574 ಘನ ಅಡಿ, ಅಂದರೆ 11,574 ಕ್ಯೂಸೆಕ್‌ನಂತೆ ಒಂದಿಡೀ ದಿನ ಹರಿದರೆ ಒಂದು ಟಿಎಂಸಿ. ಈ ಒಂದು ಸಂಖ್ಯೆ ನೆನಪಿಟ್ಟುಕೊಂಡರೆ ಸಾಕು, ಸುದ್ದಿಯ ಅರ್ಧ ಗಾಬರಿ ಇಳಿಯುತ್ತದೆ, ಇನ್ನರ್ಧ ಸರಿಯಾದ ಜಾಗಕ್ಕೆ ಹೋಗುತ್ತದೆ. 35 ಸಾವಿರ ಕ್ಯೂಸೆಕ್ ಒಂದು ದಿನ ಬಂದರೆ ಮೂರು ಟಿಎಂಸಿ, ಖಡಕ್‌ವಾಸ್ಲಾದ ಹೊಟ್ಟೆಯ ಒಂದೂವರೆ ಪಟ್ಟು. ತುಂಬಿದ ಮೇಲೆ ಅದು ಪ್ರವಾಹ ತಡೆಯಲಾರದು. ಬಂದದ್ದನ್ನು ಬಿಡುವುದೊಂದೇ ದಾರಿ. ಬಿಟ್ಟಾಗ ಮೊದಲು ಮುಳುಗುವುದು ಬಾಬಾ ಭಿಡೆ ಸೇತುವೆ ಮತ್ತು ನದಿಪಾತ್ರದ ರಸ್ತೆ. 2024ರ ಜುಲೈ 25ರಂದು ಸಿಂಹಗಡ ರಸ್ತೆಯ ಏಕತಾ ನಗರಿಗೆ ನೀರು ನುಗ್ಗಿತ್ತು. ಆ ಭಾಗದಲ್ಲಿ ಮನೆ ಬಾಡಿಗೆಗೆ ಹಿಡಿಯುವವರು ನೆಲಮಹಡಿ, ಬೇಸ್‌ಮೆಂಟ್ ಪಾರ್ಕಿಂಗ್ ಎರಡನ್ನೂ ಮಳೆಗಾಲದ ಕಣ್ಣಿಂದ ನೋಡುವುದು ಒಳ್ಳೆಯದು. ಖಡಕ್‌ವಾಸ್ಲಾ ತುಂಬಿದ್ದು, ಮೇಲಿನ ಮೂರೂ ತುಂಬುತ್ತ ಬಂದದ್ದು, ಘಟ್ಟದಲ್ಲಿ ಮಳೆ ಬಿಡದಿದ್ದದ್ದು, ಈ ಮೂರೂ ಸೇರಿದ ರಾತ್ರಿ ಕಾರು ನದಿ ಕಡೆ ನಿಲ್ಲಿಸಬಾರದು.

ಈ ನೀರು ಮುಳಾ–ಮುಠಾ, ಭೀಮಾ ಹಿಡಿದು ಉಜನಿ ಜಲಾಶಯಕ್ಕೆ ಹೋಗುತ್ತದೆ, ಅಲ್ಲಿಂದ ಪಂಢರಪುರ ದಾಟಿ ಇಂಡಿ, ಅಫಜಲಪುರದ ಕಡೆ, ಸೊನ್ನ ಬ್ಯಾರೇಜಿಗೆ. ಉಜನಿಯ ಅಂಕಿ ಇನ್ನೂ ವಿಚಿತ್ರ. ಒಟ್ಟು ಸುಮಾರು 117 ಟಿಎಂಸಿ, ಅದರಲ್ಲಿ ಬಳಕೆಯೋಗ್ಯ 53.57 ಮಾತ್ರ, ಉಳಿದ ಸುಮಾರು 63.6 ಮೃತ ಸಾಠಾ. ಬೇಸಿಗೆಯಲ್ಲಿ ‘ಉಜನಿ ಮೈನಸ್ 50’ ಎಂದು ಬಂದರೆ ಒಣಗಿತು ಎಂದರ್ಥವಲ್ಲ. 53.57ರ ಅರ್ಧ, 26.8 ಟಿಎಂಸಿ, ಮೃತ ಸಾಠಾದಿಂದ ಕಡಿಮೆಯಾಗಿದೆ. ಇನ್ನೂ 37 ಟಿಎಂಸಿ ಹತ್ತಿರ ಇದೆ. ಖಡಕ್‌ವಾಸ್ಲಾ ಸರಣಿ ಪೂರ್ತಿ ತುಂಬಿದಾಗಿನದಕ್ಕಿಂತ ಹೆಚ್ಚು! ಆದರೆ ಕೈಗೆ ಸಿಗಬೇಕಲ್ಲ. ಸೊಲ್ಲಾಪುರಕ್ಕೆ ನೀರೆತ್ತುವ ಬಾವಿಯಾದ ಜಾಕ್‌ವೆಲ್‌ಗೆ ನೀರು ಎಟುಕದಾಗ ತಾತ್ಕಾಲಿಕ ಪಂಪು ಹಾಕಿ ಒಮ್ಮೆ ಎತ್ತಿ, ಅಲ್ಲಿಂದ ಮತ್ತೆ ಎತ್ತುತ್ತಾರೆ. ಸೊಲ್ಲಾಪುರದವರ ‘ದುಬಾರ್ ಪಂಪಿಂಗ್’ ಇದೇ. ಉಜನಿ ಅಗಲ, ಆಳ ಕಡಿಮೆ. ಬಿಸಿಲಿಗೆ ಆವಿಯಾಗುವ ನಷ್ಟವೂ ಅದಕ್ಕೇ ಜಾಸ್ತಿ.

ಮುಂಬೈಯದೂ ಖಡಕ್‌ವಾಸ್ಲಾದ ಕಥೆಯೇ. ಏಳು ಜಲಾಶಯಗಳ ಒಟ್ಟು ಸಾಮರ್ಥ್ಯ 14,47,363 ದಶಲಕ್ಷ ಲೀಟರ್; ಅರ್ಧದಷ್ಟು ಭಾತ್ಸಾ ಒಂದರಲ್ಲೇ. ಪ್ರತಿವರ್ಷ ‘ಕೋಡಿ ಬಿತ್ತು’ ಎಂದು ಫೋಟೊ ಬರುವ ವಿಹಾರ್, ತುಳಸಿ ಎರಡೂ ಸೇರಿ ನೂರರಲ್ಲಿ ಎರಡೂವರೆ ಪಾಲು. ಪವಯಿ ಆ ಪಟ್ಟಿಯಲ್ಲೇ ಇಲ್ಲ, ಅದರ ನೀರು ಕುಡಿಯಲು ಬರುವುದಿಲ್ಲ.

ಘಟ್ಟದ ಇನ್ನೊಂದು ಬಗೆಯ ಜಲಾಶಯಗಳು ಕುಡಿಯಲು ಕಟ್ಟಿದವಲ್ಲ, ಬೀಳಿಸಲು ಕಟ್ಟಿದವು. ಪೂರ್ವಕ್ಕೆ ಹರಿಯುವ ಹೊಳೆಗೆ ಗೋಡೆ ಹಾಕಿ, ನೀರನ್ನು ಸುರಂಗದಲ್ಲಿ ಪಶ್ಚಿಮಕ್ಕೆ ತಿರುಗಿಸಿ ಕೊಂಕಣದ ಕಡೆ ಕೆಡವಿದರೆ ಸುಮಾರು ಐನೂರು ಮೀಟರ್ ಎತ್ತರ ಸಿಗುತ್ತದೆ. ಪುಣೆಯ ಹತ್ತಿರದ ಮುಳಶಿಯ ನೀರು ಹೀಗೆ ಭಿರಾದ ವಿದ್ಯುದಾಗಾರಕ್ಕೆ ಇಳಿಯುತ್ತದೆ. ಅದಕ್ಕಾಗಿ ಹೊಲ ಕಳೆದುಕೊಳ್ಳುತ್ತಿದ್ದವರ ಪರ 1921ರಲ್ಲಿ ಶುರುವಾದ ಸತ್ಯಾಗ್ರಹದಿಂದಲೇ ಸೇನಾಪತಿ ಬಾಪಟ್ ಹೆಸರಾದರು. ಕೊಯ್ನಾ ಇವಕ್ಕೆಲ್ಲ ಹಿರಿಯಣ್ಣ: 105 ಟಿಎಂಸಿ, ಪಶ್ಚಿಮಕ್ಕೆ ತಿರುಗಿಸಲು ಅನುಮತಿ 67.5. ಅಲ್ಲಿ ವಿದ್ಯುತ್ ಯೋಜನೆಯ ನಾಲ್ಕನೇ ಹಂತಕ್ಕೆ ನೀರು ಕೆಳಮಟ್ಟದಿಂದ ಬೇಕಿತ್ತು, ಆದರೆ ಜಲಾಶಯ ಖಾಲಿ ಮಾಡುವಂತಿರಲಿಲ್ಲ. ಅದಕ್ಕೆ ನೆಲದಡಿಯಿಂದ ಸುರಂಗ ಕೊರೆಯುತ್ತ ಬಂದು, ಕೆರೆಯ ತಳಕ್ಕೆ ಕೆಲವೇ ಮೀಟರ್ ಬಂಡೆ ಉಳಿಸಿ, ಕೆಳಗೊಂದು ಗುಂಡಿ ತೋಡಿಟ್ಟು, 1999ರ ಮಾರ್ಚಿನಲ್ಲಿ ಆ ಬಂಡೆಯನ್ನು ಸಿಡಿಸಿದರು. ಚೂರುಗಳು ಗುಂಡಿಗೆ ಬಿದ್ದವು, ನೀರು ಸುರಂಗಕ್ಕೆ ಬಂತು. ಗುಂಡಿ ಚಿಕ್ಕದಾದರೆ ಕಲ್ಲು ಸುರಂಗದೊಳಗೇ ಉರುಳಿ ಹೋಗುತ್ತದೆ, ಇಡೀ ಕೆಲಸದ ನಾಜೂಕು ಇರುವುದು ಅಲ್ಲೇ. 1967ರ ಡಿಸೆಂಬರ್ 11ರ ಭೂಕಂಪದಲ್ಲಿ ಇದೇ ಕೊಯ್ನಾ ಗೋಡೆ, ಹಿಂಬದಿಯ ಇಳಿಜಾರು ಬದಲಾಗುವ ಮಟ್ಟದಲ್ಲಿ ಬಿರುಕು ಬಿಟ್ಟಿತ್ತು. ಆಮೇಲೆ ಹಿಂದಿನಿಂದ ಆಸರೆ ಕಟ್ಟಿ ಬಲಪಡಿಸಿದರು. ಜಲಾಶಯದ ಭಾರ, ಬಂಡೆಯ ಬಿರುಕಿಗಿಳಿದ ನೀರಿನ ಒತ್ತಡ ಭೂಕಂಪಕ್ಕೆ ಕಾರಣವಾಗಬಹುದು ಎಂಬ ಮಾತಿಗೆ ಜಗತ್ತಿನಾದ್ಯಂತ ಕೊಡುವ ಉದಾಹರಣೆ ಇದು.

ಗೋವಾದ ಸಾಳಾವಳಿ ಹಿನ್ನೀರಲ್ಲಿ ಮುಳುಗಿದ ಕುರ್ಡಿ, ಗಾಯಕಿ ಮೋಗೂಬಾಯಿ ಕುರ್ಡೀಕರರ ಊರು, ಮೇ ತಿಂಗಳಲ್ಲಿ ಮೇಲೆ ಬರುತ್ತದೆ. ನೋಡಲು ಹೋಗುವವರು ಹೋಗಲಿ, ಆದರೆ ಹಿನ್ನೀರು ಇಳಿದ ನೆಲ ನಂಬುವಂಥದ್ದಲ್ಲ. ಮೇಲೆ ಬಿರುಕು ಬಿಟ್ಟು ಗಟ್ಟಿಯಾಗಿ ಕಾಣುವ ಹೂಳು ನೀರಂಚಿನ ಹತ್ತಿರ ಮೊಣಕಾಲವರೆಗೆ ಎಳೆದುಕೊಳ್ಳುತ್ತದೆ. ಪಾನ್‌ಶೇತ್, ಪವನಾ ಕಡೆ ನೀರಿಗಿಳಿಯುವವರಿಗೂ ಇದೇ ಮಾತು. ಅದು ಮುಳುಗಿದ ಹೊಲ, ಬದು, ಬಾವಿ, ಹೊಳೆಪಾತ್ರ. ಸೊಂಟದ ಮಟ್ಟದ ನೀರಲ್ಲಿ ಹತ್ತು ಹೆಜ್ಜೆ ನಡೆದವರಿಗೆ ಹನ್ನೊಂದನೆಯದಕ್ಕೆ ಹಳೆಯ ಹೊಳೆಯ ದಡ ಕಡಿದು ಬಿದ್ದಿರುತ್ತದೆ, ಮತ್ತೆ ಹತ್ತಲು ಹೋದರೆ ಕೆಸರು ಕಾಲಿಗೆ ಹಿಡಿತ ಕೊಡುವುದಿಲ್ಲ. ಈಜು ಬರುವವರೂ ಸಿಕ್ಕಿಕೊಳ್ಳುವುದು ಇಲ್ಲೇ. ಬಟ್ಟೆ ಒಗೆಯುವ, ದನ ಇಳಿಸುವ ಜಾಗ ಯಾವುದೆಂದು ಊರವರನ್ನು ಕೇಳಿ, ಅಲ್ಲಿ ಮಾತ್ರ ಕಾಲು ತೋಯಿಸಿಕೊಳ್ಳಿ. ತೂಬಿನ ಬುರುಜಿನ ಹತ್ತಿರವಂತೂ ದೋಣಿಯಲ್ಲೂ ಹೋಗಬೇಡಿ.